ನೀಲಿ ತೇಪೆ

ಬೇಲಿಯ ಮುಳ್ಳಿಗೆಲ್ಲ ಕೂದಲು ಸಿಕ್ಕಿಕೊಂಡಿತ್ತು. ಕರಿಗೂದಲು, ನರೆಗೂದಲು, ಎಣ್ಣೆ ಹಚ್ಚಿದ್ದು, ಸಿಕ್ಕುಗಟ್ಟಿದ್ದು. ಗಾಳಿ ಬೀಸಿದಾಗಲೆಲ್ಲ ಹುಣಸೆಗುಟ್ಟದ ಬೀದಿಯ ತುಂಬ ಹಾರಾಡುತ್ತಿತ್ತು. ದನ ನೀರು ಕುಡಿಯುವ ಕಲ್ಲುಬಾನಿಯ ಪಕ್ಕದಲ್ಲಿ, ಆ ಕೂದಲಿನ ನಡುವೆ, ಒಬ್ಬ ಹೆಂಗಸು ಬೋರಲಾಗಿ ಬಿದ್ದಿದ್ದಳು.

ಉಸಿರಿರಲಿಲ್ಲ. ಸುತ್ತ ಕಲ್ಲುಗಳಿದ್ದವು. ಕೆಲವು ಮಕ್ಕಳು ಎತ್ತಬಹುದಾದಷ್ಟು ಸಣ್ಣವು.

ಶಿಡ್ಲಘಟ್ಟದಿಂದ ಸೈಕಲ್ ತುಳಿದುಕೊಂಡು ಬಂದ ನಮ್ಮ ಸಬ್ ಇನ್‌ಸ್ಪೆಕ್ಟರ್ ವೆಂಕಟರವಣಪ್ಪನವರು ಸುತ್ತ ಕಣ್ಣಾಡಿಸಿದರು. ಎಲ್ಲ ಮನೆಗಳ ಬಾಗಿಲೂ ಮುಚ್ಚಿತ್ತು. ಪಟೇಲ ಚೆನ್ನರಾಯಪ್ಪ ಒಬ್ಬರೇ ಎದುರಿಗೆ ಬಂದರು.

"ಯಾರು ಹೊಡೆದದ್ದು?"

"ಊರು ಹೊಡೀತು ಸ್ವಾಮಿ."

"ಊರಿಗೆ ಕೈ ಇದೆಯಾ ಪಟೇಲ್ರೆ? ಕೈ ಇರೋರ ಹೆಸರು ಹೇಳಿ."

ಪಟೇಲರು ತಲೆ ತಗ್ಗಿಸಿದರು. "ಮೊದಲು ಹಿಡಿದೋನು ಆವುಲಪ್ಪ. ಅವನ ಮಗು ಕಾಣಿಸ್ತಿರಲಿಲ್ಲ. ಇವಳು ಮಕ್ಕಳ ಕಳ್ಳಿ ಸ್ವಾಮಿ. ಚಿಂತಾಮಣಿ ದಾರೀಲಿ ಸೇತುವೆ ಕಟ್ತಾ ಇದಾರಲ್ಲ, ಅದಕ್ಕೆ ಮಕ್ಕಳ ತಲೆ ಬೇಕಂತೆ. ನೀಲಿ ಚೀಲ ಹಿಡ್ಕಂಡು ಒಬ್ಬಳು ಬರ್ತಾಳೆ ಅಂತ ಊರಿಗೆಲ್ಲ ಮೊದಲೇ ಗೊತ್ತಿತ್ತು. ಬಂದೇ ಬಂದ್ಲು. ಚೀಲ ಕಿತ್ತು ಸುರಿದ್ರೆ— ಬರೀ ಕೂದಲು! ನೀವೇ ಹೇಳಿ, ಯಾರ ಕೂದಲು ಅದು?"

"ಆ ಮಗು?"

"ಸಿಕ್ತು. ಹಿಪ್ಪುನೇರಳೆ ತೋಟದಲ್ಲಿ ನಿದ್ದೆ ಹೋಗಿತ್ತು."

"ಯಾವಾಗ ಸಿಕ್ತು?"

ಪಟೇಲರ ದನಿ ಇಳಿಯಿತು. "ಆಮೇಲೆ."

ನಾನು ಅವರ ಜತೆ ಬಂದಿದ್ದ ದಫೇದಾರ, ಪಿಳ್ಳಪ್ಪ. ಹೆಣವನ್ನು ಹೊರಳಿಸಿದಾಗ ಮುಖದ ಗುರುತು ಸಿಕ್ಕಿತು. ಆಂಜಿನಮ್ಮ. ಹೆಂಗಸರು ಬಾಚಿ ಎತ್ತಿಟ್ಟ ಕೂದಲು ಕೊಟ್ಟರೆ ಬದಲಿಗೆ ಸೂಜಿ, ಪಿನ್ನು ಕೊಡುವವಳು. ಆ ಕೂದಲಿನಿಂದ ಚೌರಿ ಹೆಣೆದು ಸಂತೆಯಲ್ಲಿ ಮಾರುತ್ತಿದ್ದಳು. ನನ್ನ ಹೆಂಡತಿಯ ಕೂದಲೂ ಆ ಚೀಲಕ್ಕೆ ಬಿದ್ದದ್ದುಂಟು.

ಪಟೇಲರ ಮನೆಯ ಜಗಲಿಯಿಂದ ಬಿಳಿ ಷರಟಿನ ಯುವಕನೊಬ್ಬ ಇಳಿದು ಬಂದ. ಪಕ್ಕದ ಊರಿನವನೇ, ಗಂಗುಲಪ್ಪ ಅಂತ. ಎಂ.ಎ. ಮುಗಿಸಿ, ಇನ್ನೂ ದೊಡ್ಡ ಪದವಿಗೆ ಓದುತ್ತಿದ್ದ. ಹಳ್ಳಿಯವರು ಹೇಗೆ ಬದುಕುತ್ತಾರೆ ಎಂದು ಊರೂರು ತಿರುಗಿ ಕೇಳಿಕೊಂಡು ಬರುತ್ತಿದ್ದ. ಅವನು ಬಂದರೆ ಎಲ್ಲ ಮನೆಯಲ್ಲೂ ಮಜ್ಜಿಗೆ ಕೊಡುತ್ತಿದ್ದರು. ನಮ್ಮ ಕಡೆ ಹುಡುಗ ಅಂತ ಅಷ್ಟು ಅಭಿಮಾನ.

"ನಾನು ಇಲ್ಲೇ ಕೂತಿದ್ದೆ ಸರ್. ಕಣ್ಣಾರೆ ನೋಡಿದೆ. ಗುಂಪಿನ ಮನಸ್ಸು ಅಂದ್ರೆ ಹಾಗೇ."

"ತಡೀಲಿಲ್ವಾ?"

"ಅಷ್ಟು ಜನದ ಮುಂದೆ ನಾನೊಬ್ಬ ಏನು ಮಾಡಲಿ ಸರ್?"

ಇನ್‌ಸ್ಪೆಕ್ಟರು ಕಲ್ಲುಬಾನಿಯ ಕಡೆ ನಡೆದರು. ಖಾಲಿ ಚೀಲವನ್ನು ನೆಲದಿಂದ ಎತ್ತಿಕೊಂಡರು.

"ಪಿಳ್ಳಪ್ಪ, ಇದು ಯಾವ ಬಣ್ಣ?"

"ಯಾವ ಬಣ್ಣ ಅಂತ ಹೇಳೋದು ಸಾರ್? ಬೊಂತೆ ಹೊಲಿದ ಹಾಗೆ ಚಿಂದಿ ಚಿಂದಿ ಸೇರಿಸಿ ಹೊಲಿದಿದ್ದಾಳೆ. ಕೆಂಪು, ಹಸಿರು, ಹಳದಿ…"

"ನೀಲಿ?"

ಹುಡುಕಬೇಕಾಯಿತು. ತಳದ ಹತ್ತಿರ ಅಂಗೈಯಗಲದ ಒಂದು ತೇಪೆ ಇತ್ತು. ಅಷ್ಟೇ.

"ಪಟೇಲರು ನೀಲಿ ಚೀಲ ಅಂದ್ರಲ್ಲ?"

"ಹೆದರಿದ ಕಣ್ಣು ಸಾರ್. ಏನು ಬೇಕಾದ್ರೂ ಕಾಣುತ್ತೆ."

ನಾನು ಅಷ್ಟಕ್ಕೇ ಬಿಟ್ಟೆ. ಅವರು ಬಿಡಲಿಲ್ಲ. ಚೀಲ ಮಡಿಸಿ ಸೈಕಲ್ಲಿಗೆ ಕಟ್ಟಿಕೊಂಡರು.

ಅಷ್ಟರಲ್ಲಿ ಆಂಜಿನಮ್ಮನ ಮಗಳು ಕದಿರಮ್ಮ ಬಂದಳು. ಅವಳ ಹೆಗಲ ಮೇಲೂ ಅಂಥದೇ ಚಿಂದಿ ಚೀಲ. ತಾಯಿಯ ಪಕ್ಕದಲ್ಲಿ ಕೂತು, ಬಾಯಿಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು. ಅಳಲಿಲ್ಲ.

"ಸಾಮಿ, ಹೊರೋಕೆ ನಾಲ್ಕು ಜನ ಬೇಕು. ನಮ್ಮೋರೂ ಬರಲ್ಲ ಅಂತಿದಾರೆ. ಕಳ್ಳಿ ಹೆಣ ಮುಟ್ಟಲ್ವಂತೆ."

ವೈದ್ಯರ ಪರೀಕ್ಷೆ, ಪಂಚನಾಮೆ ಮುಗಿದ ಮೇಲೆ ಇಬ್ಬರು ಪೇದೆಗಳನ್ನು ಸೇರಿಸಿಕೊಂಡು ನಾವೇ ಹೊತ್ತೆವು. ಮಣ್ಣು ಮುಚ್ಚಿದ ಮೇಲೆ ಅವಳು ಇನ್‌ಸ್ಪೆಕ್ಟರ ಮುಂದೆ ನಿಂತಳು.

"ನಮ್ಮಮ್ಮ ಕಳ್ಳಿ ಅಲ್ಲ ಅಂತ ನೀವು ಊರಿಗೆ ಹೇಳಬೇಕು."

"ನಾನು ಹೇಳಿದ್ರೆ ನಂಬ್ತಾರಾ ತಾಯಿ?"

"ಹಂಗಾದ್ರೆ ಮೊದ್ಲು ಹೇಳಿದ್ದು ಯಾರು ಅಂತ ಹುಡುಕಿ. ನಾಳೆ ನಾನೂ ಇದೇ ಚೀಲ ಹಿಡ್ಕಂಡು ಇದೇ ಬೀದೀಲಿ ಕೂಗ್ತಾ ಹೋಗಬೇಕು. ನಂಗೆ ಬೇರೆ ಕಸುಬು ಬರಲ್ಲ."

ಆವುಲಪ್ಪನನ್ನು ಸ್ಟೇಷನ್ನಿಗೆ ತಂದೆವು. ಎತ್ತಿನಂಥ ಮನುಷ್ಯ, ಕಂಬಿಯ ಹಿಂದೆ ಮಗುವಿನ ಹಾಗೆ ಮುದುರಿ ಕೂತಿದ್ದ.

"ಹೊಡೆದೋನು ನಾನೇ ಸ್ವಾಮಿ. ಆ ಮಾತು ಹುಟ್ಸಿದೋನು ನಾನಲ್ಲ."

"ಯಾರಿಂದ ಕೇಳಿದೆ?"

"ನನ್ನ ಹೆಂಡ್ತಿ ಹೇಳಿದ್ಲು."

ಹೆಂಡತಿ ಬಾವಿಯ ಹತ್ತಿರ ಕೇಳಿದ್ದಳು. ಬಾವಿಯ ಹತ್ತಿರದವರು ಎಲ್ಲರೂ ಹೇಳುತ್ತಿದ್ದರು ಎಂದರು. ಎಲ್ಲರೂ ಅಂದರೆ ಯಾರು? ಎಲ್ಲರೂ!

ಆಂಜಿನಮ್ಮನ ಮೇಲೆ ಹಗೆ ಇದ್ದವನು ಒಬ್ಬನೇ— ಎರ್ರಪ್ಪ. ಅವನೂ ಕೂದಲು ಕೊಳ್ಳುವವನೇ. ತನ್ನ ಊರುಗಳಿಗೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದು ಸಂತೆಯಲ್ಲೇ ಅವಳಿಗೆ ಹೇಳಿದ್ದ. ಅವನನ್ನು ಕರೆಸಿದಾಗ ನನಗೆ ಕೇಸು ಮುಗಿದ ಹಾಗೇ ಅನ್ನಿಸಿತ್ತು.

"ಬೈದಿದ್ದೀನಿ ಸ್ವಾಮಿ, ಇಲ್ಲ ಅನ್ನಲ್ಲ," ಎಂದ ಎರ್ರಪ್ಪ. "ಆದ್ರೆ ಇಂಥ ಮಾತು ನಾನ್ಯಾಕೆ ಹಬ್ಬಿಸ್ಲಿ? ನನ್ನ ಹೆಗಲ ಮೇಲಿರೋದೂ ಚೀಲಾನೇ. ಅದರ ಒಳಗಿರೋದೂ ಕೂದಲೇ. ಇವತ್ತು ಅವಳಿಗೆ ಬಿದ್ದ ಕಲ್ಲು ನಾಳೆ ನನಗೆ ಬೀಳಲ್ವಾ?"

"ಮನೆಗೆ ಹೋಗಪ್ಪ," ಎಂದರು ಇನ್‌ಸ್ಪೆಕ್ಟರು. "ಸ್ವಲ್ಪ ದಿನ ಚೀಲ ಮನೇಲೇ ಇಡು."

ಮಾತಿನ ಮೂಲ ಹುಡುಕುತ್ತ ಮರುದಿನ ಪಕ್ಕದ ಬೂರಗಗುಂಟೆಗೆ ಹೋದೆವು. ಅಲ್ಲಿಯೂ ಮಕ್ಕಳನ್ನು ಹೊರಗೆ ಬಿಟ್ಟಿರಲಿಲ್ಲ. ಮಕ್ಕಳ ಕಳ್ಳಿ ಅಲ್ಲಿಗೂ ಬರುತ್ತಾಳಂತೆ. ಚೀಲ ಮಾತ್ರ ಹಸಿರಂತೆ.

"ನೀಲಿ ಅಲ್ವಾ?" ಎಂದು ನಾನು ಬಾಯಿ ಹಾಕಿದೆ.

"ಹಸಿರು ಕಣ್ರೀ," ಎಂದು ಆ ಊರಿನ ಗಂಡಸರು ನನ್ನನ್ನೇ ಗದರಿದರು.

ಅಲ್ಲಿಂದ ಕೋಡಿಮಿಟ್ಟೆ. ಅಲ್ಲಿ ಕೆಂಪು.

ಮೂರೂ ಊರಿನವರು ಹೋಗುವುದು ಒಂದೇ ಸಂತೆಗೆ. ರೇಷ್ಮೆಗೂಡು ಮಾರುವುದು ಒಂದೇ ಮಾರುಕಟ್ಟೆಯಲ್ಲಿ. ಊರಿಗೊಂದು ಬಣ್ಣ ಬಂದದ್ದು ಹೇಗೆ? ಕೋಡಿಮಿಟ್ಟೆಯ ಲಕ್ಷ್ಮೀನರಸಮ್ಮ ಎಂಬ ಮುದುಕಿಯನ್ನು ಇನ್‌ಸ್ಪೆಕ್ಟರು ಕೇಳಿದರು: "ನೀಲಿ ಚೀಲದವಳನ್ನ ಈ ಕಡೆ ಯಾರಾದ್ರೂ ನೋಡಿದ್ರಾ ಅಜ್ಜಿ?"

"ನೀಲಿನಾ? ಇಲ್ಲಪ್ಪ. ನಮಗೆ ಬರೋಳು ಕೆಂಪು ಚೀಲದೋಳು."

ನಮಗೆ ಬರೋಳು! ನೆಂಟಳ ಸುದ್ದಿ ಹೇಳಿದ ಹಾಗೆ ಹೇಳಿದಳು.

ಒಂದು ದಿನ ಬಿಟ್ಟು ಮತ್ತೆ ಅದೇ ಊರಿಗೆ ಹೋದೆವು. ಊರ ಬಾಗಿಲಲ್ಲೇ ಒಬ್ಬ ರೈತ ನನ್ನ ಸೈಕಲ್ ಹಿಡಿದು ನಿಲ್ಲಿಸಿದ. "ಸಿಕ್ಕಿದ್ಲಾ ದಫೇದಾರ್ರೇ, ನೀಲಿ ಚೀಲದೋಳು? ಪೊಲೀಸ್ನೋರೇ ಹುಡುಕ್ತಾ ಇದಾರಂತಲ್ಲ! ಕೆಂಪು ಚೀಲದೋಳು ಒಬ್ಬಳು ಸಾಲದು ಅಂತ ಇವಳೂ ಬೇರೆ."

ಇನ್‌ಸ್ಪೆಕ್ಟರು ಸೈಕಲ್ ಇಳಿದು ಅರಳಿಕಟ್ಟೆಯ ಮೇಲೆ ಕೂತುಬಿಟ್ಟರು.

"ಪಿಳ್ಳಪ್ಪ, ಮೊನ್ನೆ ನಾನು ಇಲ್ಲಿ ಏನಾದ್ರೂ ಹೇಳಿದ್ನಾ?"

"ಇಲ್ಲ ಸಾರ್. ಕೇಳಿದ್ರಿ, ಅಷ್ಟೇ."

"ಅಷ್ಟೇ." ಅವರ ಮುಖ ಕಪ್ಪಿಟ್ಟಿತು. "ಹೇಳಿದ್ದು ಯಾರು ಅಂತ ಹುಡುಕ್ತಾ ಬಂದ್ವಿ. ಅದೇ ತಪ್ಪು. ಪ್ರಶ್ನೆ ಕೇಳಿದ್ದು ಯಾರು ಅಂತ ಹುಡುಕಬೇಕಿತ್ತು."

ಲಕ್ಷ್ಮೀನರಸಮ್ಮ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ಅಜ್ಜಿ, ನಮಗಿಂತ ಮುಂಚೆ ಈ ಊರಲ್ಲಿ ಹೀಗೆ ಮನೆ ಮನೆಗೂ ಬಂದು ಕೇಳಿದೋರು ಯಾರಾದ್ರೂ ಇದ್ರಾ?"

"ಇದ್ದನಲ್ಲಪ್ಪ, ನಮ್ಮ ಗಂಗುಲಪ್ಪ. ಎಷ್ಟು ಮಕ್ಕಳು, ಎಷ್ಟು ಹೊಲ, ರೇಡಿಯೋ ಕೇಳ್ತೀರಾ, ಎಲ್ಲ ಕೇಳ್ದ. ಕಡೇಲಿ, 'ಕೆಂಪು ಚೀಲ ಹಿಡ್ಕಂಡು ಒಬ್ಬಳು ಮಕ್ಕಳ್ನ ಹಿಡೀತಾಳಂತೆ, ಕೇಳಿದ್ದೀರಾ?' ಅಂದ. ನಾನು ಇಲ್ಲಪ್ಪ ಅಂದೆ. ಓದಿದ ಹುಡುಗ, ಸುಳ್ಳು ಹೇಳ್ತಾನಾ? ಆಮೇಲೆ ಸೊಸೇನ ಕೇಳಿದೆ, ನೀನು ಕೇಳಿದ್ದೀಯೇನೇ ಅಂತ."

ಬೂರಗಗುಂಟೆಯಲ್ಲೂ ಅವನೇ ಬಂದಿದ್ದ. ಅಲ್ಲಿ ಕೇಳಿದ್ದು ಹಸಿರು ಚೀಲ. ಹುಣಸೆಗುಟ್ಟದಲ್ಲೂ ಅವನೇ.

ಗಂಗುಲಪ್ಪ ಸಿಕ್ಕಿದ್ದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಎದುರಿನ ಕಾಫಿ ಹೋಟೆಲಿನಲ್ಲಿ. ಗೂಡು ಮಾರಲು ಬಂದ ಹಳ್ಳಿಯವರ ಮಾತಿಗೆ ಕಿವಿಗೊಟ್ಟು ಮೂಲೆಯಲ್ಲಿ ಕೂತಿದ್ದ. ನಾವು ಕರೆದಾಗ ಎದ್ದು ಬಂದ. ಹೆದರಿಕೆಯೇ ಇರಲಿಲ್ಲ. ಅವನನ್ನು ನೇರ ಹುಣಸೆಗುಟ್ಟಕ್ಕೆ ಕರೆದುಕೊಂಡು ಹೋದೆವು. ಕೋಳ ಹಾಕಿದ ಆವುಲಪ್ಪನನ್ನೂ, ಕದಿರಮ್ಮನನ್ನೂ ಇನ್‌ಸ್ಪೆಕ್ಟರು ಅಲ್ಲಿಗೆ ಕರೆಸಿದ್ದರು. ಊರಿಗೆ ಊರೇ ಪಟೇಲರ ಮನೆ ಮುಂದೆ ಸೇರಿತು.

ಇನ್‌ಸ್ಪೆಕ್ಟರು ಚೀಲವನ್ನು ಬಿಡಿಸಿ ಎತ್ತಿ ಹಿಡಿದರು.

"ಇದು ಯಾವ ಬಣ್ಣ? ಹೇಳಿ."

ಅವರು ಚೀಲವನ್ನು ತಿರುಗಿಸಿ ತಳದ ತೇಪೆ ತೋರಿಸಿದರು.

"ಅವತ್ತು ನೀಲಿ ಅಂದ್ರಿ. ಈ ಅಂಗೈಯಷ್ಟು ತೇಪೆ ಕಂಡಿತು ನಿಮಗೆ. ಉಳಿದದ್ದು ಕಾಣಲಿಲ್ಲ. ಯಾಕೆ? ನೀಲಿ ಅನ್ನೋದು ಅವಳು ಬರೋ ಮುಂಚೆಯೇ ನಿಮ್ಮ ತಲೇಲಿತ್ತು. ಬೂರಗಗುಂಟೆಗೆ ಹೋಗಿದ್ರೆ ಈ ಹಸಿರು ತೇಪೆಗೆ ಸಾಯ್ತಿದ್ಲು. ಕೋಡಿಮಿಟ್ಟೆಗೆ ಹೋಗಿದ್ರೆ ಈ ಕೆಂಪು ತೇಪೆಗೆ."

ಕದಿರಮ್ಮ ತನ್ನ ಹೆಗಲ ಚೀಲವನ್ನು ಸೆರಗಿನಿಂದ ಮುಚ್ಚಿಕೊಂಡಳು.

"ತಾನಾಗಿ ಹುಟ್ಟಿದ ಗಾಳಿಮಾತು ದಾರೀಲಿ ಸವೆಯುತ್ತೆ, ಒಂದಕ್ಕೊಂದು ಬೆರೆಯುತ್ತೆ. ಇದು ಬೆರೆತಿರಲಿಲ್ಲ. ಊರಿಗೊಂದು ಬಣ್ಣ, ಅದೂ ಮೊದಲ ದಿನದಿಂದಲೇ. ಅಗಸ ಏನು ಮಾಡ್ತಾನೆ? ಯಾವ ಮನೆ ಬಟ್ಟೆ ಅಂತ ಗೊತ್ತಾಗೋಕೆ ಮೂಲೇಲಿ ಗುರುತು ಹಾಕ್ತಾನೆ. ಹಾಗೆ ಯಾರೋ ಮಾತಿಗೆ ಗುರುತು ಹಾಕಿದ್ದಾರೆ. ಯಾವ ಊರಿನ ಮಾತು ಯಾವ ದಾರಿ ಹಿಡಿದು ಸಂತೆಗೆ ಬರುತ್ತೆ ಅಂತ ನೋಡೋಕೆ. ಅಲ್ವಾ ಗಂಗುಲಪ್ಪ?"

"ಹೌದು ಸರ್," ಎಂದ ಗಂಗುಲಪ್ಪ.

ಜನ ಅವನತ್ತ ತಿರುಗಿದರು.

"ನಾನು ಯಾರಿಗೂ ಏನೂ ಹೇಳಿಲ್ಲ ಸರ್. ಕೇಳಿದ್ದೀರಾ ಅಂತ ಕೇಳಿದೆ, ಅಷ್ಟೇ. ಸಂಶೋಧನೆಯಲ್ಲಿ ಬಗೆಗಳಿವೆ. ನಡೆಯೋದನ್ನ ದೂರದಿಂದ ನೋಡೋದು ಒಂದು ಬಗೆ. ಜನರನ್ನ ಕೇಳಿ ತಿಳಿಯೋದು ಇನ್ನೊಂದು. ನಾವೇ ಏನೋ ಒಂದನ್ನ ಮಾಡಿ, ಅದರಿಂದ ಏನಾಗುತ್ತೆ ಅಂತ ನೋಡೋದು ಪ್ರಯೋಗ. ಮಾತು ಹೇಗೆ ಹರಡುತ್ತೆ ಅನ್ನೋದು ದೊಡ್ಡ ವಿಷಯ ಸರ್. ನಾಳೆ ಸರ್ಕಾರ ಹಳ್ಳಿಗೆ ಒಳ್ಳೆ ಸುದ್ದಿ ಮುಟ್ಟಿಸಬೇಕಾದ್ರೂ ಉಪಯೋಗಕ್ಕೆ ಬರುತ್ತೆ."

"ಇವರ ಒಪ್ಪಿಗೆ ಕೇಳಿದ್ಯಾ?"

"ಮೊದಲೇ ಹೇಳಿದ್ರೆ ಪ್ರಯೋಗ ಕೆಡುತ್ತೆ."

"ಮಾತು ಮುಟ್ಟಿತು ಅಂತ ಗೊತ್ತಾದ ಮೇಲೆ, ಸುಳ್ಳು ಅಂತ ಬಂದು ಹೇಳಬಹುದಿತ್ತಲ್ಲ?"

"ಇನ್ನೂ ಮುಗಿದಿರಲಿಲ್ಲ ಸರ್."

ಇನ್‌ಸ್ಪೆಕ್ಟರು ಅವನ ಹತ್ತಿರ ಬಂದರು. "ಅವತ್ತು ನೀನು ಈ ಜಗಲಿ ಮೇಲೆ ಕೂತಿದ್ದೆ. ನೀನು ಹೇಳಿದ್ರೆ ಈ ಊರು ಕೇಳ್ತಿತ್ತು. ನಾನು ಕಟ್ಟಿದ ಮಾತು, ಬಿಡ್ರೋ ಅವಳನ್ನ— ಇಷ್ಟು ಸಾಕಾಗಿತ್ತು. ಯಾಕೆ ಸುಮ್ಮನೆ ಕೂತೆ?"

ಮೊದಲ ಸಲ ಗಂಗುಲಪ್ಪ ತಡವರಿಸಿದ. "ನೋಡೋನು ನಡುವೆ ಕೈ ಹಾಕಬಾರದು ಸರ್. ಹಾಗಂತ…"

"ಹಾಗಂತ ಕಲಿತೆ. ಒಬ್ಬಳ ಪ್ರಾಣ ಹೋಗ್ತಾ ಇದ್ರೆ ಆ ಪಾಠ ಅಲ್ಲಿಗೇ ನಿಲ್ಲುತ್ತೆ ಅಂತ ಕಲೀಲಿಲ್ಲ." ಇನ್‌ಸ್ಪೆಕ್ಟರು ಜನರ ಕಡೆ ತಿರುಗಿದರು. "ಹೊಡೆದೋರು ನೀವು. ಅದರಿಂದ ಬಿಡುಗಡೆ ಇಲ್ಲ. ಹೊಡೆಸಿದೋನು ಇವನು."

ಆವುಲಪ್ಪ ಕೋಳದ ಕೈಗಳಿಂದ ತಲೆ ಚಚ್ಚಿಕೊಂಡ. "ನಮ್ಮ ಮನೆ ಮಜ್ಜಿಗೆ ಕುಡ್ಕಂಡು ಹೋದ್ಯಲ್ಲೋ!"

ಹಿಂದಿನಿಂದ ಒಂದು ಕಲ್ಲು ಬಂತು. ಗಂಗುಲಪ್ಪನ ಹಣೆ ಒಡೆಯಿತು. ಇನ್ನೊಬ್ಬ ಬಗ್ಗಿ ಕಲ್ಲೆತ್ತಿದ. ಅವತ್ತು ಎತ್ತಿದ ಕೈಗಳೇ. ನಾನು ಲಾಠಿ ಅಡ್ಡ ಹಿಡಿದು ಮುಂದೆ ನಿಂತೆ. ಓದಿದ ಹುಡುಗ ನನ್ನ ಬೆನ್ನಿಗೆ ಅಂಟಿಕೊಂಡಿದ್ದ.

"ಎತ್ರಪ್ಪ, ಎತ್ತಿ!" ಎಂದು ಇನ್‌ಸ್ಪೆಕ್ಟರು ಗುಡುಗಿದರು. "ಇವನ ಚೀಲ ಯಾವ ಬಣ್ಣ ಅಂತ ನೋಡ್ಕೊಂಡ್ರಾ?"

ಕಲ್ಲುಗಳು ಒಂದೊಂದಾಗಿ ಕೆಳಗೆ ಬಿದ್ದವು.

ಗಂಗುಲಪ್ಪನನ್ನು ಬಸ್ಸಿನಲ್ಲಿ ಕರೆದೊಯ್ಯುವಾಗ ಹಣೆಗೆ ನನ್ನ ಟವಲು ಕಟ್ಟಿದ್ದೆ. ರಕ್ತ ನಿಂತ ಮೇಲೆ ಅವನು ಮೆಲ್ಲಗೆ ಕೇಳಿದ, "ಸರ್, ನೀಲಿ ಚೀಲ ಕೋಡಿಮಿಟ್ಟೆಗೆ ಬಂತಂತೆ ಅಂತ ಹೋಟೆಲಲ್ಲಿ ಕೇಳಿದೆ. ಯಾವ ದಾರೀಲಿ ಬಂತು, ನಿಮಗೆ ಗೊತ್ತಾಯ್ತಾ?"

ಇನ್‌ಸ್ಪೆಕ್ಟರು ಕಿಟಕಿಯ ಆಚೆ ನೋಡುತ್ತಿದ್ದರು.

"ನಾನೇ ಹೊತ್ಕೊಂಡು ಹೋದೆ," ಎಂದರು. "ನಿನ್ನ ಲೆಕ್ಕ ಎಲ್ಲ ಕೆಟ್ಟಿತು, ಹೋಗು."

ಅದನ್ನು ಕೇಳಿದಾಗ ಅವನ ಕಣ್ಣಲ್ಲಿ ನೀರು ಬಂತು. ಆಂಜಿನಮ್ಮ ಸತ್ತಾಗ ಬಾರದ ನೀರು.

ಆವುಲಪ್ಪನಿಗೆ ಜೀವಾವಧಿಯಾಯಿತು. ಜತೆಗೆ ಹೊಡೆದವರು ವರ್ಷಗಟ್ಟಲೆ ಒಳಗೆ ಹೋದರು. ಬರೀ ಕೇಳಿದವನಿಗೆ ಕಾನೂನಿನಲ್ಲಿ ಇದ್ದದ್ದು ಸಣ್ಣ ಶಿಕ್ಷೆ. ಗಂಗುಲಪ್ಪ ಒಂದು ಮಳೆಗಾಲ ಜೈಲಿನಲ್ಲಿದ್ದು ಹೊರಗೆ ಬಂದ.

ಕದಿರಮ್ಮ ತನ್ನ ಚಿಂದಿ ಚೀಲವನ್ನು ಸುಟ್ಟಳು. ಯಾವ ಬಣ್ಣವೂ ಬೇಡ ಎಂದು ಬಿಳಿ ಬಟ್ಟೆಯಲ್ಲಿ ಹೊಸ ಚೀಲ ಹೊಲಿದುಕೊಂಡಳು. ಆಂಜಿನಮ್ಮ ಕಳ್ಳಿಯಲ್ಲ ಎಂದು ಇನ್‌ಸ್ಪೆಕ್ಟರು ಮೂರೂ ಊರಲ್ಲಿ ತಮಟೆ ಹೊಡೆಸಿ ಸಾರಿಸಿದ್ದರು. ಕದಿರಮ್ಮ ಮತ್ತೆ ಬೀದಿಗಿಳಿದಳು. ನನ್ನ ಹೆಂಡತಿ ಮೊದಲ ದಿನ ಕರೆದು ಕೂದಲು ಕೊಟ್ಟಳು.

ಸ್ವಲ್ಪ ದಿನ ಕಳೆದ ಮೇಲೆ ಬಂದೋಬಸ್ತಿಗೆಂದು ಚಿಂತಾಮಣಿ ಸಂತೆಗೆ ಹೋಗಿದ್ದೆ. ಹುಣಸೆಹಣ್ಣು ಮಾರುವ ಹೆಂಗಸೊಬ್ಬಳು ಮಗುವನ್ನು ಮಡಿಲಿಗೆ ಎಳೆದುಕೊಂಡು ನನ್ನನ್ನು ಹತ್ತಿರ ಕರೆದಳು.

"ದಫೇದಾರ್ರೇ, ಬಿಳಿ ಚೀಲ ಹಿಡ್ಕಂಡು ಒಬ್ಬಳು ಬರ್ತಾಳಂತಲ್ಲ, ಕೇಳಿದ್ದೀರಾ?"