ಹನ್ನೊಂದು ಗಂಟೆಯ ದನಿ

“ತೀರ್ಥೇಶ್, ನನ್ನ ಕಂಪ್ಯೂಟರ್ ಒಳಗೆ ಏನಿಟ್ಟಿದ್ದೀರಿ?”

ಸೊರಬದ ಬಸ್ಸಿಳಿದು ಬಂದವನು ಅಂಗಡಿಯ ಮೆಟ್ಟಿಲಲ್ಲೇ ನಿಂತುಬಿಟ್ಟ. ಕೇಳಿದ ಕರುಣಾ ಮೌಸಿನಿಂದ ಕೈ ತೆಗೆಯಲಿಲ್ಲ.

ಆನವಟ್ಟಿಯ ಆ ಪುಟ್ಟ ಅಂಗಡಿಯಲ್ಲಿ ಮದುವೆ ಪತ್ರಿಕೆ ಟೈಪು ಮಾಡುವವಳು ಕರುಣಾ. ಕರಡನ್ನು ಗಟ್ಟಿಯಾಗಿ ಓದಿ ತಪ್ಪು ಹಿಡಿಯುತ್ತಿದ್ದವರು ಅವಳ ಅಮ್ಮ ರಾಧಮ್ಮ. ಐದು ತಿಂಗಳ ಹಿಂದೆ ಅಮ್ಮನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು.

ಅಮ್ಮ ಮತ್ತೆ ಅಂಗಡಿಗೆ ಬರತೊಡಗಿದ ಈ ಮೂರು ದಿನದಿಂದ, ಬೆಳಿಗ್ಗೆ ಅವರು ಬರುವ ಹೊತ್ತಾದ ಹನ್ನೊಂದಕ್ಕೆ ಸರಿಯಾಗಿ, ಪರದೆಯ ಮೂಲೆಯಲ್ಲಿ ಕೆಂಪು ಚೌಕವೊಂದು ಏಳುತ್ತಿತ್ತು. ‘ಗುರುತಿಲ್ಲದ ಆ್ಯಪ್ ತೆರೆಯಲು ನೋಡುತ್ತಿದೆ. ಇದನ್ನು ನಂಬುತ್ತೀರಾ?’

ಎರಡು ದಿನ ‘ತಡೆ’ ಒತ್ತಿದಳು. ಇವತ್ತು ಬೇಸತ್ತು ‘ಬಿಡು’ ಒತ್ತಿದಳು.

ಸ್ಪೀಕರು ಗೊರಗೊರ ಎಂದಿತು. ಆಮೇಲೆ...

“ಕರುಣಾ... ಹುಡುಗನ ಅಪ್ಪನ ಹೆಸರು ಇನ್ನೊಂದ್ಸಲ ನೋಡೇ.”

ಅಮ್ಮ! ಅಮ್ಮನದೇ ದನಿ!

ತಿರುಗಿ ನೋಡಿದಳು. ರಾಧಮ್ಮ ಗೋಡೆಗೊರಗಿ ಪತ್ರಿಕೆ ಮಡಚುತ್ತಿದ್ದರು. ತುಟಿ ಮುಚ್ಚಿತ್ತು. ಕರಡಿನಲ್ಲಿ ಹುಡುಗನ ಅಪ್ಪ ‘ಪಂಚಾಕ್ಷರಪ್ಪ’ನ ಹೆಸರು ನಿಜಕ್ಕೂ ತಪ್ಪಾಗಿತ್ತು...

ಏನೋ ಸನ್ನೆ ಮಾಡುತ್ತಾ ಎದ್ದ ಅಮ್ಮನನ್ನು, ಹೆದರಿದ್ದಾರೆಂದುಕೊಂಡು, ಒಳಕೋಣೆಯಲ್ಲಿ ಕೂರಿಸಿದಳು. ಈ ಯಂತ್ರ ಮುಟ್ಟುವವನು ಸೊರಬದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ತೀರ್ಥೇಶ್ ಒಬ್ಬನೇ. ಅವಳ ಮನಸ್ಸು ನಂಬಿದ್ದೂ ಅವನೊಬ್ಬನನ್ನೇ! ಫೋನು ಮಾಡಿ ಕರೆಸಿದವನು ಈಗ ಎದುರಿಗೆ ನಿಂತಿದ್ದ.

“ನಮ್ಮಮ್ಮನ ಮಾತು ಕದ್ದಿಟ್ಟಿದ್ರಾ?”

“ಕದ್ದಿಲ್ಲರೀ.”

“ಮತ್ತೆ?”

“ಮಾತು ಕೊಟ್ಟಿದೀನಿ. ಹೇಳಂಗಿಲ್ಲ.”

“ಹಂಗಾದ್ರೆ ಅಳಿಸ್ತೀನಿ. ಇದನ್ನೂ, ನಿಮ್ಮ ನಂಬರನ್ನೂ!”

ಅವನು ಮೆಟ್ಟಿಲು ಹತ್ತಿ ಒಳಬಂದ. “ನನ್ನ ನಂಬರ್ ಅಳಿಸ್ರಿ. ಅದೊಂದು ಬೇಡ... ಇರೋದು ಅದೊಂದೇ. ನನ್ಹತ್ರ ನಾನು ಇಟ್ಕೊಂಡಿಲ್ಲ.”

ಪರದೆಯ ಬಾಣ ‘ಶಾಶ್ವತವಾಗಿ ಅಳಿಸು’ ಮೇಲೆ ಹೋಗಿ ನಿಂತಿತು.

ತಣ್ಣನೆಯ ಕೈಯೊಂದು ಅವಳ ಬೆರಳ ಮೇಲೆ ಬಿತ್ತು!

ಅಮ್ಮ. ಹಾಳಾದ ಪತ್ರಿಕೆಯೊಂದರ ಬೆನ್ನಿಗೆ ಸರಸರನೆ ಬರೆದರು: ‘ನಾನೇ ಓದಿ ರೆಕಾರ್ಡ್ ಮಾಡ್ಸಿದ್ದು. ಆಪರೇಷನ್‌ಗೆ ಮುಂಚೆ, ಅವನ ಅಂಗಡೀಲಿ, ಮೂರು ದಿನ. ದನಿ ಹೋಗುತ್ತೆ ಅಂತ ಮೊದ್ಲೇ ಹೇಳಿದ್ರೆ ನೀನು ಅತ್ತು, ನನ್ನನ್ನ ಆಸ್ಪತ್ರೆಗೇ ಬಿಡ್ತಿರ್ಲಿಲ್ಲ. ನಾನು ವಾಪಸ್ ಅಂಗಡಿಗೆ ಬರೋ ಹೊತ್ತಿಗೆ ಶುರುವಾಗ್ಲಿ ಅಂದಿದ್ದೆ. ನೀನು ಯಾವಾಗ್ಲೂ ತಪ್ಪೋದು ಅಪ್ಪಂದಿರ ಹೆಸರೇ!’

ಕರುಣಾಳ ಕಣ್ಣು ತುಂಬಿತು. ತೀರ್ಥೇಶ್ ಕಡೆ ತಿರುಗಿದಳು. “ಇದನ್ನ ನೀವೇ ನಂಬಿಕೆಯ ಪಟ್ಟಿಗೆ ಸೇರಿಸಿದ್ರೆ ಈ ಹೆದರಿಕೆ ಇರ್ತಿತ್ತೇನ್ರೀ?”

“ನಿಮ್ಮ ಯಂತ್ರ. ನಿಮ್ಮನ್ನ ಕೇಳದೆ ಹೆಂಗ್ ಸೇರಿಸ್ಲಿ?”

ಅವಳು ಆ ಆ್ಯಪ್ ಮತ್ತೆ ತೆರೆದು ‘ಬಿಡು’ ಒತ್ತಿದಳು.

“...ಅವನು ಚಾ ತರಕ್ಕೆ ಹೋಗಿದಾನೆ, ಅದಕ್ಕೇ ಹೇಳ್ತಿದೀನಿ. ನಿನ್ನ ಹೆಸರು ಬಂದಾಗೆಲ್ಲ ಈ ಹುಡುಗ ಮೈಕು ಉಲ್ಟಾ ಹಿಡೀತಾನೆ ಕಣೇ!”

ರಾಧಮ್ಮನ ಭುಜ ಸದ್ದಿಲ್ಲದ ನಗುವಿಗೆ ಕುಲುಕಿತು. ತೀರ್ಥೇಶ್ ನೆಲ ನೋಡಿದ.

“ನಿಜಾನೇನ್ರೀ?”

“...ನಿಜ.”

ಕೆಂಪು ಚೌಕ ಈಗ ಇನ್ನೊಂದನ್ನು ಕೇಳುತ್ತಿತ್ತು: ‘ಯಾವಾಗಲೂ ಬಿಡು’, ‘ಪ್ರತಿ ಸಲ ಕೇಳು’. ಅಮ್ಮನ ದನಿಗೆ ಕರುಣಾ ಮೊದಲನೆಯದನ್ನು ಒತ್ತಿದಳು.

“ಮತ್ತೆ... ನನಗೆ?” ಅವನು ಮೆಲ್ಲಗೆ ಕೇಳಿದ.

“ನೀವು ಪ್ರತಿ ಸಲ ಕೇಳ್ರಿ,” ಎಂದಳು ಕಣ್ಣೊರೆಸಿಕೊಂಡು. “ಪ್ರತಿ ಸಲಾನೂ ಹೂಂ ಅಂತೀನಿ.”