ಪಂಚಮಿಗೆ ಬಾಡಿಗೆಯ ತವರು

ಅವ್ವನ ಬೆರಳುಗಳು ನೆತ್ತಿಯ ಮೇಲೆ ಗಟ್ಟಿಯಾಗಿ ಒತ್ತಿದವು. ಎಣ್ಣೆ ಬೆಚ್ಚಗಿತ್ತು. ಒಮ್ಮೆ ಈಳಿಗೆಯಲ್ಲಿ ಕೊಯ್ದುಕೊಂಡು ಗಡುಸಾಗಿದ್ದ ತೋರುಬೆರಳು ಉಳಿದವಕ್ಕಿಂತ ಚೂರು ಒರಟಾಗಿಯೇ ತಾಕಿತು. ಸಿಂಚನಾಗೆ ಕಣ್ಣು ತುಂಬಿ ಬಂತು. ಅವ್ವ ತೀರಿಕೊಂಡು ಹದಿನಾರು ವರ್ಷವಾಗಿತ್ತು.

"ತಲಿ ಎಷ್ಟ್ ಒಣಗಿಸ್ಕೊಂಡೀಯವಾ," ಎಂದಳು ಅವ್ವ. "ನಿನಗ ಅಲ್ಲಿ ಯಾರೂ ಎಣ್ಣಿ ಹಚ್ಚೂದಿಲ್ಲೇನು?"

ದನಿ ಅದೇ. ಮಾತಿನ ಕೊನೆಗೆ ಸಣ್ಣಗೆ ಮೂಗೆಳೆಯುವುದೂ ಅದೇ. ಇದೆಲ್ಲ ನಡೆಯುತ್ತಿದ್ದದ್ದು 2063ರ ಶ್ರಾವಣದಲ್ಲಿ, ನಾಗರಪಂಚಮಿ ಹಬ್ಬ ಶುರುವಾಗುವ ರೊಟ್ಟಿ ಪಂಚಮಿಯ ದಿನ, ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರಸ್ತೆಯ ಪಕ್ಕದ 'ತವರೂರು' ಎಂಬ ಹೋಟೆಲಿನಲ್ಲಿ. ಅವ್ವ ಒಂದು ಮೃದುಯಂತ್ರ. ಅಂದರೆ ಖಣಖಣ ಎನ್ನುವ ಲೋಹದ ಗೊಂಬೆಯಲ್ಲ. ನೀರು ತುಂಬಿದ ಸಣ್ಣ ಸಣ್ಣ ಚೀಲಗಳೇ ಅದರ ಸ್ನಾಯು, ಅವುಗಳ ಮೇಲೆ ಮೈಬಿಸಿಯ ಚರ್ಮ. ಅದಕ್ಕೆ ನಡೆ ನುಡಿ ಕೊಡುವುದು 'ನೆನಪಿನ ಟೊಪ್ಪಿಗೆ'. ಬರುವ ಮೊದಲು ಅತಿಥಿ ಆ ಟೊಪ್ಪಿಗೆ ಹಾಕಿಕೊಂಡು ಮೂರು ಸಲ ಹಳೆಯ ಫೋಟೊಗಳನ್ನು ನೋಡುತ್ತ ಕೂರಬೇಕು. ಯಾವ ಫೋಟೊ ನೋಡಿದಾಗ ಮಿದುಳಿನ ಯಾವ ಮೂಲೆಗೆ ರಕ್ತ ನುಗ್ಗಿತು ಎಂಬುದನ್ನು ಟೊಪ್ಪಿಗೆ ಓದುತ್ತದೆ. ಅದರಿಂದಲೇ ಅವ್ವ ಹೇಗೆ ನಡೆಯುತ್ತಿದ್ದಳು, ಅಣ್ಣ ಹೇಗೆ ಕೆಮ್ಮುತ್ತಿದ್ದ ಎಂದು ಹೆಣೆಯುತ್ತದೆ. ಇದನ್ನು ಕಂಡುಹಿಡಿದವರು ಡಾ. ಸ್ಫೂರ್ತಿ ಮುದ್ದೇಬಿಹಾಳ. ಮೂರು ದಿನದ ತವರಿಗೆ ಅವರ ಕಂಪನಿ ಕೇಳುತ್ತಿದ್ದದ್ದು ಒಂದು ಸಣ್ಣ ಕಾರಿನ ಬೆಲೆ. ಆದರೂ ಪಂಚಮಿಗೆ ಕೋಣೆ ಬೇಕೆಂದರೆ ಹಿಂದಿನ ಪಂಚಮಿಗೇ ಬುಕ್ ಮಾಡಬೇಕಿತ್ತು.

ಸಿಂಚನಾ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಐವತ್ತೆರಡು ವಯಸ್ಸು, ಲೆಕ್ಕಾಚಾರದ ಹೆಂಗಸು. ಅಂಥವಳು ಯಾಕೆ ಇಲ್ಲಿಗೆ ಬಂದಳು? ಬೇರೆ ತವರು ಇರಲಿಲ್ಲ, ಅದಕ್ಕೆ. ತವರು ಅಂದರೆ ಬ್ಯಾಡಗಿಯ ಮನೆ; ಮುಂದೆ ಅಪ್ಪನ ಮೆಣಸಿನಕಾಯಿ ಸಗಟು ದಲ್ಲಾಳಿಯ ಅಡತಿ ಅಂಗಡಿ, ಹಿಂದೆ ವಾಸ. ಈಗ ಅಲ್ಲಿ ಅಣ್ಣ ಸುಮಂತ ಇದ್ದಾನೆ. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ಕರೆದೊಯ್ಯಬೇಕು, ಅದು ಆ ಸೀಮೆಯ ಪದ್ಧತಿ. ಅಪ್ಪ ತೀರಿಕೊಂಡ ವರ್ಷವೂ ಸುಮಂತ ಬಂದಿದ್ದ. ತಟ್ಟೆಯಲ್ಲಿ ಹಸಿರು ಸೀರೆ, ಬಳೆ, ಕೊಬ್ಬರಿ ಇಟ್ಟು ತಂಗಿಯ ಮುಂದೆ ಚಾಚಿದ್ದ. ಸೀರೆಯ ಮಡಿಕೆಯ ಕೆಳಗಿನಿಂದ ಒಂದು ಕಾಗದದ ತುದಿ ಇಣುಕುತ್ತಿತ್ತು. ಅಪ್ಪನ ಆಸ್ತಿಯಲ್ಲಿ ನನಗೆ ಪಾಲು ಬೇಡ ಎಂದು ತಂಗಿ ಸಹಿ ಹಾಕಬೇಕಿದ್ದ ಹಕ್ಕುಬಿಡುಗಡೆ ಪತ್ರ.

ಅವತ್ತು ಅವರಿಬ್ಬರೂ ಆ ಕಾಗದದ ಬಗ್ಗೆ ಒಂದು ಮಾತೂ ಆಡಲಿಲ್ಲ, ನೋಡಿ! ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಮನೆಗೆ ಬಂದವರ ಹತ್ತಿರ ಅಂಥ ಮಾತು ಎತ್ತಬಾರದು ಎಂಬ ಮರ್ಯಾದೆ ಬೇರೆ. ಹೋಳಿಗೆ ಬಡಿಸಿದಳು, ತುಪ್ಪ ಹಾಕಿದಳು, ಕಾಲೇಜಿಗೆ ರಜೆ ಸಿಗಲಿಲ್ಲ ಎಂದು ಸುಳ್ಳು ಹೇಳಿ ಬರಿಗೈಲಿ ಕಳಿಸಿದಳು. ಸೋಮವಾರ ವಕೀಲರ ಕೈಯಿಂದ ನೋಟಿಸು ಹೋಯಿತು. ನಾಲ್ಕು ವರ್ಷ ಕೋರ್ಟು ನಡೆದು ಪಾಲು ಬಂತು, ತವರಿನ ಬಾಗಿಲು ಮುಚ್ಚಿತು. ಆ ಪಾಲಿನ ದುಡ್ಡಿನಿಂದಲೇ ಈಗ ಬಾಡಿಗೆಯ ತವರಿಗೆ ಬಂದು ಕೂತಿದ್ದಳು. ಒಂಬತ್ತು ವರ್ಷದಿಂದ ಅವಳ ಎದೆಯಲ್ಲಿ ಒಂದೇ ಪ್ರಶ್ನೆ: ನಾನು ಪಾಲು ಕೇಳಿದ್ದು ತಪ್ಪೋ, ಸರಿಯೋ? ಅದಕ್ಕೆ ಉತ್ತರ ತೆಗೆದುಕೊಂಡೇ ಹೋಗಬೇಕು ಎಂದು ಬಂದಿದ್ದಳು.

ಮಧ್ಯಾಹ್ನ ಪಡಸಾಲೆಯಲ್ಲಿ ಯಂತ್ರದ ಅಣ್ಣ ಜೋಕಾಲಿಗೆ ಹಗ್ಗ ಬಿಗಿಯುತ್ತಿದ್ದ. ಒಳಗಿನಿಂದ ಒಣಮೆಣಸಿನಕಾಯಿ ವಾಸನೆ ಬರುತ್ತಿತ್ತು. ಆದರೆ ಒಂದು ಸೀನೂ ಬರಲಿಲ್ಲ, ಘಾಟನ್ನು ಕಂಪನಿಯವರು ತೆಗೆದುಬಿಟ್ಟಿದ್ದರು. ಸಿಂಚನಾ ಕಂಬಕ್ಕೆ ಒರಗಿ ನಿಂತಳು.

"ಅಣ್ಣಾ, ನಾ ಪಾಲು ಕೇಳಿದ್ದು ತಪ್ಪಾತೇನು?"

ಅವನು ಹಗ್ಗ ಬಿಟ್ಟು ಹತ್ತಿರ ಬಂದು ತಲೆ ನೇವರಿಸಿದ. "ಏನೂ ತಪ್ಪಿಲ್ಲ ತಂಗಿ. ನಿನ್ನ ಹಕ್ಕು ನೀ ಕೇಳಿದಿ."

"ಹಂಗಾರ ನೀ ಸೀರಿ ಕೆಳಗ ಕಾಗದ ಇಟ್ಕೊಂಡ್ ಬಂದಿದ್ದು?"

"ಅದು ನನ್ನದ ತಪ್ಪು."

"ನಾಲ್ಕ್ ವರ್ಷ ನಿನ್ನ ಕೋರ್ಟಿಗೆ ಅಲೆದಾಡಿಸಿದೆ. ನಿನಗ ಸಿಟ್ಟು ಬರಲಿಲ್ಲೇನು?"

"ನಿನ್ನ ಮ್ಯಾಲೆ ಸಿಟ್ಟೆಂಥಾದು ತಂಗಿ?" ಎಂದು ನಕ್ಕ.

ಬೇಕೆಂದೇ ಅವಳು ಮಾತನ್ನು ತಿರುಗಿಸಿದಳು. "ಅಲ್ಲ, ನಂದ ತಪ್ಪೈತಿ. ಅಂಗಡಿ ನೀ ಬೆವರು ಸುರಿಸಿ ಬೆಳೆಸಿದ್ದು."

"ಅದೂ ಖರೆ ಐತಿ," ಎಂದ ಅವನು, ಅದೇ ನಗುವಿನಲ್ಲಿ.

ಕೋಲೆಬಸವ! ಏನು ಕೇಳಿದರೂ ತಲೆ ಅಲ್ಲಾಡಿಸುವುದೇ! ಸಿಂಚನಾ ಅಡುಗೆಮನೆಗೆ ಹೋಗಿ ಅವ್ವನನ್ನು ಕೇಳಿದಳು. ಅವ್ವನೂ "ನೀ ಏನ್ ಮಾಡಿದ್ರೂ ಬರೋಬ್ಬರಿನ ಇರ್ತೈತಿ" ಎಂದಳು. ಅವ್ವ! ಹಾಲಿಗೆ ಹೆಪ್ಪು ಹೆಚ್ಚಾದರೆ ವಾರಗಟ್ಟಲೆ ಬೈಯುತ್ತಿದ್ದ ಅವ್ವ! ಸಿಂಚನಾಗೆ ಮೈ ಉರಿದುಹೋಯಿತು. ಎಣ್ಣೆ ತಲೆಯಲ್ಲೇ ಎದ್ದು, ಹೋಟೆಲಿನ ಕಚೇರಿ ಕೋಣೆಗೆ ನಡೆದಳು.

ಹಬ್ಬದ ವಾರವಾದ್ದರಿಂದ ಡಾ. ಸ್ಫೂರ್ತಿ ಅಲ್ಲೇ ಇದ್ದರು. ನಲವತ್ತು ದಾಟಿಲ್ಲದ, ನಿದ್ದೆಗೆಟ್ಟ ಮುಖದ ಹೆಂಗಸು. ತಲೆಯಿಂದ ಎಣ್ಣೆ ಇಳಿಯುತ್ತಿದ್ದ ಅತಿಥಿಯನ್ನು ಕಂಡು ಕುರ್ಚಿ ತೋರಿಸಿದರು.

"ಏನ್ ತೊಂದ್ರಿ ಆತ್ರಿ ಅಕ್ಕಾರ?"

"ತೊಂದ್ರಿ ಏನೂ ಇಲ್ಲ, ಅದ ತೊಂದ್ರಿ. ನಿಮ್ಮ ಅಣ್ಣ ಜಗಳ ಆಡೂದಿಲ್ಲ. ಜಗಳ ಆಡದ ಅಣ್ಣ ಯಾವ ಸೀಮಿ ಅಣ್ಣರಿ? ಇಷ್ಟು ರೊಕ್ಕ ತಗೊಂಡು ಹೂಂಗುಟ್ಟೂ ಗೊಂಬಿ ಕೊಟ್ಟೀರಲ್ಲ!"

ಸ್ಫೂರ್ತಿ ನಿಟ್ಟುಸಿರು ಬಿಟ್ಟರು. "ಮೊದಲು ಆಡ್ತಿದ್ದರಿ. ನಾ ಕಟ್ಟಿದ್ದ ಹಂಗ. ಅವ್ವ ಬೈತಿದ್ಲು, ಅಣ್ಣ ಮಾರಿ ತಿರುಗಿಸ್ತಿದ್ದ. ಬಂದವರು ಒಂದ್ ತಾಸಿನ್ಯಾಗ ಅಳಕೋತ ಹೊಂಟ ಹೋಗಿ ಕೆಟ್ಟ ಅಭಿಪ್ರಾಯ ಬರೀತಿದ್ರು. ಕಡೀಗೆ ಕಂಪನಿಯವರು ಸಮಾಧಾನ ಮಿತಿ ಅಂತ ಒಂದು ಹಾಕ್ಸಿದ್ರು. ನಿಮ್ಮ ನಾಡಿ ಬಡಿತ ಜೋರಾದ ಕೂಡಲೇ ಯಂತ್ರ ನಿಮ್ಮನ್ನ ಒಪ್ಪಿಕೊಂಡು ಬಿಡತೈತಿ. ಈಗ ಎಲ್ಲಾರೂ ಐದ್ ನಕ್ಷತ್ರ ಕೊಡ್ತಾರ. ನನಗೂ ಬ್ಯಾಸರ ಬಂದೈತ್ರಿ, ಏನ್ ಮಾಡ್ಲಿ?"

"ಆ ಮಿತಿ ತಗೀರಿ."

"ತಗದ್ರ ನಿಮಗ ಸೇರೂದಿಲ್ಲ."

"ಸೇರ್ಲಿಕ್ಕೆ ನಾ ಬಂದಿಲ್ರಿ. ಉತ್ತರ ಬೇಕು ನನಗ."

ಸ್ಫೂರ್ತಿ ಒಪ್ಪಿಗೆ ಪತ್ರಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಮಿತಿ ತೆಗೆದರು.

ಸಿಂಚನಾ ವಾಪಸು ಹೋದಾಗ ಅಣ್ಣ ಜೋಕಾಲಿಯ ಪಕ್ಕ ಬೆನ್ನು ತಿರುಗಿಸಿ ನಿಂತಿದ್ದ. ಕೇಳುವುದೇ ಬೇಕಾಗಲಿಲ್ಲ.

"ನೀ ಪಾಲು ಕೇಳಿದ್ದು ಹಕ್ಕಿಗೆ ಅಲ್ಲ," ಎಂದ. "ಹೊಟ್ಟಿಕಿಚ್ಚಿಗೆ. ಅಪ್ಪ ನನಗ ಅಂಗಡಿ ಕೀಲಿಕೈ ಕೊಟ್ಟ ದಿನದಿಂದ ನಿನಗ ಉರಿ. ಓದಿದಾಕಿ ನಾನು, ಕೀಲಿಕೈ ಮಾತ್ರ..."

"...ಅವನಿಗೆ," ಎಂದು ಸಿಂಚನಾಳ ಬಾಯಿ ತಾನಾಗಿಯೇ ಮುಗಿಸಿತು.

ಅವಳು ಬೆಚ್ಚಿಬಿದ್ದಳು. ಅವನು ಇನ್ನೂ ಏನೇನೋ ಅಂದ. ಅವ್ವ ಇದ್ದಿದ್ದರೆ ನೀನು ಕೋರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ ಅಂದ; ಅಪ್ಪನ ವರ್ಷಾಂತಿಕಕ್ಕೂ ಬರಲಿಲ್ಲ ಅಂದ. ಒಂದೊಂದು ಮಾತಿನ ಮುಂದಿನ ಮಾತೂ ಅವಳಿಗೆ ಮೊದಲೇ ಗೊತ್ತಿತ್ತು. ಒಂಬತ್ತು ವರ್ಷದಿಂದ ನಿದ್ದೆ ಬಾರದೆ ಹೊರಳಾಡುವಾಗ ತನಗೆ ತಾನೇ ಬೈದುಕೊಂಡ ಮಾತುಗಳವು. ಟೊಪ್ಪಿಗೆ ಓದಿದ್ದು ಅವಳ ತಲೆಯನ್ನು ತಾನೇ? ಅದರೊಳಗೆ ಇಲ್ಲದ್ದನ್ನು ಈ ಬಡಪಾಯಿ ಯಂತ್ರ ಎಲ್ಲಿಂದ ತರಬೇಕು?

ಥೂ! ಇಷ್ಟು ದುಡ್ಡು ಸುರಿದು ಕನ್ನಡಿಯ ಮುಂದೆ ಬಂದು ಕೂತಂತಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಚೀಲ ತುಂಬಿಕೊಂಡಳು. ಅವ್ವ ಅಡುಗೆಮನೆಯಿಂದ ಓಡಿಬಂದು "ಉಡಿ ತುಂಬಿಸ್ಕೊಂಡ್ ಹೋಗವಾ" ಎಂದಳು. ಆ ದನಿಗೆ ಕಾಲುಗಳು ಒಂದು ಗಳಿಗೆ ನಿಂತವು. ನಿಂತದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂದು, ತಿರುಗಿ ನೋಡದೆ ಹೊರಬಿದ್ದಳು.

ಬಾಗಿಲಲ್ಲಿ ಕೆಲಸದ ಹುಡುಗಿ, ಬೇರೆಯವರಿಗೂ ಇದನ್ನು ಬುಕ್ ಮಾಡಲು ಹೇಳುತ್ತೀರಾ ಎಂದು ನಗುನಗುತ್ತ ಕೇಳಿದಳು. "ಅಣ್ಣ ಸತ್ತಿದ್ರ ಮಾಡ್ಲಿ," ಎಂದಳು ಸಿಂಚನಾ. "ಬದುಕಿದ್ರ ಬ್ಯಾಡ."

ಕಾರು ಬರುವವರೆಗೆ ಅಂಗಳದಲ್ಲಿ ನಿಂತಳು. ಆಗ ಕಾಣಿಸಿತು, ಎಡಗಡೆಗೆ ಇನ್ನೊಂದು ಕಟ್ಟಡ. ಬಾಗಿಲ ಮೇಲೆ 'ತಂಗಿ ಬಂದಳು' ಎಂದು ಬರೆದಿತ್ತು. ಅದು ಗಂಡಸರಿಗೆ. ಬುಕ್ ಮಾಡಿದ ಕೋಣೆಯ ಕೀಲಿಗಾಗಿ ಇಪ್ಪತ್ತು ಮೂವತ್ತು ಗಂಡಸರು ಸರದಿಯಲ್ಲಿ ನಿಂತಿದ್ದರು, ಕೈಯಲ್ಲಿ ಸೀರೆಯ ಪೊಟ್ಟಣ, ಬಳೆಯ ಡಬ್ಬಿ. ಸಿಂಚನಾ ಒಂದೊಂದೇ ಮುಖ ನೋಡುತ್ತ ಹೋದಳು. ಸುಮಂತ ಇರಲಿಲ್ಲ. ಇಲ್ಲದ್ದಕ್ಕೆ ಸಮಾಧಾನವಾಯಿತೋ ಸಂಕಟವಾಯಿತೋ ಅವಳಿಗೇ ತಿಳಿಯಲಿಲ್ಲ. ಸರದಿಯ ಕೊನೆಯಲ್ಲಿದ್ದ ಬಿಳಿ ಮೀಸೆಯವನ ಮೇಲೆ ಒಳಗಿನ ಸಿಟ್ಟೆಲ್ಲ ತಿರುಗಿತು.

"ಯಾರಿಗ್ರಿ ಆ ಸೀರಿ? ಯಂತ್ರಕ್ಕ ಉಡಸ್ತೀರೇನು?"

ಅವನು ಕಕ್ಕಾಬಿಕ್ಕಿಯಾದ. "ನಮ್ಮ ತಂಗಿಗೆರಿ. ಅಂದ್ರ... ಒಳಗಿನ ತಂಗಿಗೆ."

"ಹೊರಗಿನ ತಂಗಿ ಎಲ್ಲಿದಾಳ?"

"ಗದಗಿನ್ಯಾಗ."

"ಗದಗು ಇಲ್ಲಿಂದ ಅರ್ಧ ತಾಸಿನ ದಾರಿರಿ! ಹೋಗಾಕ ಏನ್ ಧಾಡಿ?"

ಈಗ ಅವನಿಗೂ ರೇಗಿತು. "ಹೋಗಿ ಏನ್ ಮಾಡ್ಲಿ? ಕೋರ್ಟಿಗೆ ಎಳದಾಳ ನನ್ನ. ಪಾಲು ಕೇಳಿದ್ದಕ್ಕ ನನಗೇನ್ ಸಿಟ್ಟಿಲ್ರಿ ಅಕ್ಕಾರ. ಬಂದು ಎದುರಿಗೆ ನಿಂತು ಕೇಳಲಿಲ್ಲ. ಮನಿಗೆ ಟಪಾಲಿನ್ಯಾಗ ನೋಟಿಸು ಬಂತು. ಓಣಿ ಮಂದಿ ಮುಂದ ಸಹಿ ಹಾಕಿ ಇಸ್ಕೊಂಡೆ. ನಾ ಅಣ್ಣನೋ, ಕಳ್ಳನೋ?"

ಈ ಮಾತು ಸಿಂಚನಾಳ ತಲೆಗೆ ಎಂದೂ ಹೊಳೆದಿರಲಿಲ್ಲ. ಟಪಾಲಿನವನ ಮುಂದೆ ನಿಂತ ಸುಮಂತನನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಆದರೆ ಅವಳೂ ಬಿಡುವವಳಲ್ಲ.

"ಬಂದು ಎದುರಿಗೆ ನಿಂತು ಕೇಳಿದ್ರ ಕೊಡ್ತಿದ್ರೇನು? ಖರೆ ಹೇಳ್ರಿ. ಪಂಚಮಿ ದಿನ ಸುಳ್ಳು ಹೇಳಬ್ಯಾಡ್ರಿ."

ಸರದಿ ಎರಡು ಹೆಜ್ಜೆ ಮುಂದೆ ಹೋಯಿತು, ಅವನು ಹೋಗಲಿಲ್ಲ. ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಇಲ್ರಿ," ಎಂದ ಕೊನೆಗೆ. "ಕೊಡ್ತಿರಲಿಲ್ಲ. ಅತ್ತು ಕರದು ಸಹಿ ಹಾಕಿಸ್ಕೋತಿದ್ದೆ."

ಸಿಂಚನಾ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಬಿಕ್ಕಿ ಬಿಕ್ಕಿ ಅತ್ತಳು. ಒಂದು ಕಾರಿನ ಬೆಲೆ ಕೊಟ್ಟರೂ ಒಳಗೆ ಸಿಗದ ಉತ್ತರವನ್ನು ಗುರುತಿಲ್ಲದ ಮನುಷ್ಯನೊಬ್ಬ ಬಿಸಿಲಲ್ಲಿ ನಿಂತು ಪುಕ್ಕಟೆ ಕೊಟ್ಟಿದ್ದ. ಪಾಲು ಕೇಳಿದ್ದು ತಪ್ಪಲ್ಲ. ಕೇಳಿದ ರೀತಿ ಸುಟ್ಟಿತ್ತು. ಎರಡೂ ಖರೆ, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ಬಿಳಿ ಮೀಸೆಯವನು ಏನು ಮಾಡಬೇಕೆಂದು ತಿಳಿಯದೆ ತನ್ನ ನೀರಿನ ಬಾಟಲಿ ಅವಳ ಪಕ್ಕ ಇಟ್ಟು, ಸ್ವಲ್ಪ ದೂರದಲ್ಲಿ ತಾನೂ ಕೂತ. ಸರದಿಯಲ್ಲಿ ಅವನ ಜಾಗ ಹೋಯಿತು.

ಮುಖ ಒರೆಸಿಕೊಂಡು ಅವಳು ಫೋನು ತೆಗೆದಳು. ನಂಬರು ಬಾಯಿಪಾಠವೇ ಇತ್ತು. ಆರು ಸಲ ಗಂಟೆಯಾದ ಮೇಲೆ ಎತ್ತಿದರು.

"ಯಾರು?"

"ನಾನಣ್ಣಾ. ಸಿಂಚು."

ಆ ಕಡೆ ತಕ್ಕಡಿಯ ಸದ್ದು, ಹಮಾಲರ ಕೂಗು.

"ಕೋರ್ಟಿನ ಮಾತೋ, ಮನಿ ಮಾತೋ?" ಎಂದ ಸುಮಂತ. ದನಿ ಕಲ್ಲಿನಂತಿತ್ತು.

"ಜಗಳದ ಮಾತು."

"ಅದನ್ನ ಫೋನಿನ್ಯಾಗ ಆಡಾಕ ಬರೂದಿಲ್ಲ," ಎಂದ, ಕಟ್ ಮಾಡಿದ.

ಬಾ ಎಂದನೋ, ಬರಬೇಡ ಎಂದನೋ? ಸಿಂಚನಾ ಫೋನನ್ನೇ ನೋಡುತ್ತ ಹಲ್ಲು ಕಡಿದಳು. ಎಂಥ ಮನುಷ್ಯ! ಒಂದು ಮಾತು ನೆಟ್ಟಗೆ ಆಡಲು ಬರುವುದಿಲ್ಲ, ಒಂಬತ್ತು ವರ್ಷವಾದರೂ ಹಾಗೆಯೇ! ಕಾರು ಬಂತು. ಹತ್ತಿ ಕೂತು, ಹುಬ್ಬಳ್ಳಿ ಬೇಡ, ಬ್ಯಾಡಗಿ ಎಂದು ಹೇಳಿದಳು. ಅಲ್ಲಿ ಬಾಗಿಲು ತೆಗೆಯುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

'ತವರೂರು' ಹೋಟೆಲಿನ ಮುಂಬಾಗಿಲಲ್ಲಿ ಒಂದು ಕಲ್ಲಿದೆ, ಬುನಾದಿ ಹಾಕಿದ್ದು 2058ರಲ್ಲಿ ಎಂದು ಅದರ ಮೇಲೆ ಕೊರೆದಿದ್ದಾರೆ. ಅದು ಸುಳ್ಳು. ಬುನಾದಿ ಬಿದ್ದದ್ದು ಬಹಳ ಹಿಂದೆ, ಪ್ರಾಯಶಃ ನೀವು ಇದನ್ನು ಓದುತ್ತಿರುವ ಈ ವಾರವೇ, ಯಾವುದೋ ತಾಲ್ಲೂಕಿನ ಉಪನೋಂದಣಿ ಕಚೇರಿಯಲ್ಲಿ. ಅಲ್ಲಿ ಅಣ್ಣನೊಬ್ಬ ಪೆನ್ನು ಚಾಚಿದ್ದಾನೆ. ತಂಗಿ "ಓದೂದೇನೈತಿ ಬಿಡು" ಎಂದು ನಕ್ಕು ಹಕ್ಕುಬಿಡುಗಡೆ ಪತ್ರ ತೊಡೆಯ ಮೇಲಿಟ್ಟುಕೊಂಡಿದ್ದಾಳೆ, ಇನ್ನೂ ಸಹಿ ಹಾಕಿಲ್ಲ. ಇಬ್ಬರಿಗೂ ಒಂದೊಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದಾರೆ, ಮಾತಾಡಿದರೆ ಕೇಳಿಸುವಷ್ಟು ಹತ್ತಿರ.