ಬೋಳು ತಲೆಯೇ ಇರಲಿ

“ಕ್ಯಾಪ್ ತೆಗೀಬೇಕು.”

“ತೆಗೆಯಲ್ಲ.”

“ಕ್ಯಾಪ್ ಇದ್ರೆ ಕ್ಯಾಮೆರಾಗೆ ಮುಖ ಸಿಕ್ಕಲ್ಲ.”

“ಸಿಕ್ಕದಿದ್ರೆ ಬಿಡ್ಲಿ.”

ಶರಣ್ಯ ಎರಡೂ ಕೈಯಿಂದ ಕ್ಯಾಪನ್ನು ಕಿವಿಯವರೆಗೆ ಎಳೆದುಕೊಂಡಳು. ಕೌಂಟರಿನ ಆಚೆ ಕೂತಿದ್ದವನ ಹೆಸರು ಸೆಂದಿಲ್ ಎಂದು ಅವನ ಟೀ ಶರ್ಟಿನ ಮೇಲೇ ಬರೆದಿತ್ತು. ಅವನು ಮಾತಾಡುತ್ತಿದ್ದುದು ತಮಿಳಿನಲ್ಲಿ. ಶರಣ್ಯ ಎದುರಾಡುತ್ತಿದ್ದುದೂ ತಮಿಳಿನಲ್ಲೇ. ನಾವು ಕನ್ನಡದಲ್ಲಿ ಕೇಳಿಸಿಕೊಳ್ಳೋಣ. ಯಾವ ಭಾಷೆಯಲ್ಲಿ ಆಡಿದರೂ ಜಗಳ ಜಗಳವೇ.

ಸೇಲಂನ ಒಂದು ಮಾಲಿನ ಮೇಲಿನ ಮಹಡಿಯಲ್ಲಿ ಹೊಸದಾಗಿ ತೆರೆದ ಗೇಮ್ ಪಾರ್ಕ್ ಅದು. ಅಲ್ಲಿ ಸುಮ್ಮನೆ ಕೂತು ಬಟನ್ ಒತ್ತುವ ಆಟವಿಲ್ಲ. ನೆಲವೇ ಬಣ್ಣಬಣ್ಣವಾಗಿ ಮಿನುಗುತ್ತದೆ. ಅದರ ಮೇಲೆ ಓಡಬೇಕು, ಎಗರಬೇಕು, ಗೋಡೆಯ ದೀಪಗಳನ್ನು ಬಡಿಯಬೇಕು. ಆಟಕ್ಕೆ ಮುಂಚೆ ಕ್ಯಾಮೆರಾ ನಿಮ್ಮ ಮುಖ ನೋಡಿ ನಿಮ್ಮಂಥದೇ ಒಂದು ಗೊಂಬೆ ಮಾಡುತ್ತದೆ. ನೀವು ಗಳಿಸಿದ ಪಾಯಿಂಟು ಆ ಗೊಂಬೆಯ ಪಕ್ಕದಲ್ಲಿ, ದೊಡ್ಡ ಸ್ಕ್ರೀನಿನ ಮೇಲೆ, ಎಲ್ಲರಿಗೂ ಕಾಣುವಂತೆ ಏರುತ್ತಾ ಹೋಗುತ್ತದೆ.

ಆ ದಿನ ಸಂಗೀತಾ ಅತ್ತೆಯ ಮಗ ಅಶ್ವತ್ಥನ ಹುಟ್ಟುಹಬ್ಬ. ಅದಕ್ಕೇ ಶರಣ್ಯ ಮತ್ತು ಅಜ್ಜಿ ರಾಮಕ್ಕ ಕಂಬೈನಲ್ಲೂರಿನ ಹತ್ತಿರದ ತಮ್ಮ ಹಳ್ಳಿಯಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದರು. ದಾರಿಯುದ್ದಕ್ಕೂ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ಅಜ್ಜಿ ಮಾತಾಡಿದ್ದೇ ಮಾತಾಡಿದ್ದು. ಶರಣ್ಯ ಕಿಟಕಿ ನೋಡಿದ್ದೇ ನೋಡಿದ್ದು.

“ಸೀಕ್ರಂ, ಬೇಗ ತೆಗೀಯೇ, ನಮ್ ಇಂದೆ ಸಾಲಲ್ಲಿ ಜನ ಕಾಯ್ತಾವ್ರೆ,” ಎಂದು ಸಂಗೀತಾ ಅತ್ತೆ ಅವಳ ಕಿವಿಯಲ್ಲಿ ಹೇಳಿದಳು. “ಫೋಟೋ ಆದ್ಮೇಲೆ ಟಕ್ಕಂತ ಆಕ್ಕೊ. ಯಾರೂ ನೋಡಲ್ಲ.”

ಹೇಳಿದವಳೇ ಟಕ್ಕನೆ ತಾನೇ ಕ್ಯಾಪ್ ಎತ್ತಿಬಿಟ್ಟಳು. ಕ್ಯಾಮೆರಾ ಕ್ಲಿಕ್ ಅಂದಿತು.

ಶರಣ್ಯಳ ತಲೆಯ ಮೇಲೆ ಕೂದಲಿರಲಿಲ್ಲ. ಕೈಯಿಟ್ಟರೆ ಚುಚ್ಚುವಷ್ಟು ಚಿಗುರಿತ್ತು, ಅಷ್ಟೇ.

ಸೆಂದಿಲ್ ಅವಳ ಮುಖ ನೋಡದೆ ತನ್ನ ಸ್ಕ್ರೀನ್ ನೋಡಿ ಕೇಳಿದ: “ತಂಬಿ, ಪೇರು ಎನ್ನ?”

ತಮ್ಮಾ, ಹೆಸರೇನು ಅಂತ. ಸಾಲಿನಲ್ಲಿ ನಿಂತಿದ್ದವರು ಯಾರೋ ಕಿಸಕ್ಕನೆ ನಕ್ಕರು. ಅಶ್ವತ್ಥನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. “ತಂಬಿಯಂತೆ! ಶರಣ್ಯಾ, ನೀನು ತಂಬಿಯಂತೆ ಕಣೇ!”

ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಡುವುದು ಶರಣ್ಯಳ ಊರಿನಲ್ಲಿ ಹೊಸದೇನಲ್ಲ. ಅಪ್ಪ ಕೊಟ್ಟಿದ್ದರು, ಪಕ್ಕದ ಮನೆಯ ಕೂಸು ಕೊಟ್ಟಿತ್ತು. ಆದರೆ ಶರಣ್ಯಳ ಕೂದಲು ಸೊಂಟದವರೆಗೆ ಇತ್ತು. ಐದನೇ ಕ್ಲಾಸಿನಲ್ಲಿ ಅಷ್ಟುದ್ದದ ಜಡೆ ಇನ್ನೊಬ್ಬರಿಗೆ ಇರಲಿಲ್ಲ. ಹೋದ ಮಳೆಗಾಲದಲ್ಲಿ ಅವಳಿಗೆ ಜೋರು ಜ್ವರ ಬಂದು ಧರ್ಮಪುರಿಯ ಆಸ್ಪತ್ರೆಯಲ್ಲಿ ಮಲಗಿಸಿದಾಗ, ಅಜ್ಜಿ ಹೊರಗೆ ಬಾಗಿಲ ಹತ್ತಿರ ನಿಂತು ಹರಕೆ ಹೊತ್ತಿದ್ದಳು: “ಮಾದಪ್ಪಾ, ಮಗೂನ ಉಳಿಸ್ಕೊಡು. ಎಲ್ಡು ಮುಡಿ ಕೊಡಿಸ್ತೀನಿ. ಈ ವರ್ಷ ಒಂದು, ಬರೋ ವರ್ಷ ಒಂದು.”

ಮಗುವಿಗೆ ಮಾತ್ರ ಯಾರೂ ಹೇಳಲಿಲ್ಲ. “ಬೆಟ್ಟ ನೋಡ್ಕಂಡು ಬರಾನ ಬಾ” ಎಂದು ಕರೆದುಕೊಂಡು ಹೋಗಿ, ಕತ್ತಿ ಹಿಡಿದವನ ಮುಂದೆ ಕೂರಿಸಿಬಿಟ್ಟರು. ಶರಣ್ಯ ಅಳುತ್ತಿದ್ದಂತೆಯೇ ಜಡೆ ಮಡಿಲಿಗೆ ಬಿತ್ತು.

ಆವತ್ತಿನಿಂದ ಅವಳು ಅಜ್ಜಿಯ ಜೊತೆ ಮಾತು ಬಿಟ್ಟಳು. ಶರಣ್ಯ ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅಪ್ಪ ಸುಮ್ಮನೆ ಹೇಳುತ್ತಿರಲಿಲ್ಲ. ಬರುವ ವರ್ಷ ಮತ್ತೆ ಬೆಟ್ಟಕ್ಕೆ ಕರೆದರೆ ‘ಕೊಡಲ್ಲ’ ಎನ್ನಬೇಕು. ಆ ಮಾತನ್ನು ಅವಳು ದಿನಾ ಹಾಸಿಗೆಯಲ್ಲಿ ಮಲಗಿ ಅಭ್ಯಾಸ ಮಾಡುತ್ತಿದ್ದಳು. ಕೊಡಲ್ಲ. ಕೊಡಲ್ಲ. ಕೊಡಲ್ಲ ಅಂದ್ರೆ ಕೊಡಲ್ಲ.

“ನಾನು ತಂಬಿ ಅಲ್ಲ,” ಎಂದಳು ಈಗ, ಕೌಂಟರಿಗೆ ಕೈಯೂರಿ. “ಶರಣ್ಯ. ಗರ್ಲ್.”

“ಅಯ್ಯೋ, ಸಾರಿ ಪಾಪಾ,” ಎಂದ ಸೆಂದಿಲ್. ಒಂದು ಬಟನ್ ಒತ್ತಿದ.

ಸ್ಕ್ರೀನಿನ ಮೇಲೆ ಹುಡುಗ ಮಾಯವಾಗಿ ಹುಡುಗಿ ಬಂದಳು. ಶರಣ್ಯಳದೇ ಕಣ್ಣು, ಶರಣ್ಯಳದೇ ಮೂಗು. ತಲೆಯ ಮೇಲೆ ಮಾತ್ರ ಬಗೆಬಗೆಯ ಕೂದಲು ಬಂದು ಬಂದು ಹೋಗುತ್ತಿತ್ತು. ಗುಂಗುರು ಕೂದಲು, ಕುದುರೆ ಜುಟ್ಟು, ಬಾಬ್ ಕಟ್. ಕೊನೆಗೆ ಸೊಂಟದವರೆಗೆ ಬಿದ್ದ ಕಪ್ಪನೆಯ ಒಂದು ಜಡೆ ಬಂದು ನಿಂತಿತು.

ಶರಣ್ಯ ಹತ್ತಿರ ಬಗ್ಗಿ ನೋಡಿದಳು. ಅದು ಅವಳದೇ ಜಡೆ. ಬೆರಳು ತಾನಾಗಿಯೇ ಸ್ಕ್ರೀನಿನ ಕಡೆ ಹೋಯಿತು.

“ಆ, ಅದೇ ಆಕ್ಕೊ!” ಎಂದಳು ಅತ್ತೆ. “ಚೆನ್ನಾಗೈತೆ. ನಮ್ಮ ಬೀದಿಯೋರೆಲ್ಲ ಇಲ್ಲಿಗೆ ಬರ್ತಾರೆ, ಸ್ಕ್ರೀನ್ ನೋಡ್ತಾರೆ. ಬೋಳು ತಲೆ ಯಾಕೆ ಕಾಣ್ಬೇಕು?”

“ಊಂ ಕಣೇ, ನಂ ಟೀಮ್ ಮರ್ಯಾದೆ ಓಗ್ತದೆ,” ಎಂದ ಅಶ್ವತ್ಥ.

ಬೆರಳು ನಿಂತಿತು. ಇಷ್ಟು ದಿನ ಕ್ಯಾಪಿನ ಕೆಳಗೆ ತಲೆ ಬಚ್ಚಿಟ್ಟುಕೊಂಡವಳು ತಾನೇ, ನಿಜ. ಆದರೆ ಮರ್ಯಾದೆ ಹೋಗಲು ಅವಳೇನು ಕದ್ದಿದ್ದಳೇ? ಕೂದಲು ತೆಗೆಯುವಾಗ ಯಾರೂ ಕೇಳಲಿಲ್ಲ. ಈಗ ಅಂಟಿಸುವಾಗಲೂ ಎಲ್ಲರೂ ತಾವೇ ಹೇಳುತ್ತಿದ್ದಾರೆ! ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ನಂಗೆ ಕೂದ್ಲು ಬೇಡ,” ಎಂದಳು. “ನನ್ ತಲೆ ಎಂಗೈತೋ ಅಂಗೇ ಬೇಕು.”

ಸೆಂದಿಲ್ ಹುಡುಕಿದ. ಮೇಲೆ ಕೆಳಗೆ ಮಾಡಿದ. “ಹುಡುಗಿಯರಿಗೆ ಬೋಳು ತಲೆ ಸಿಸ್ಟಂನಲ್ಲೇ ಇಲ್ಲ ಪಾಪಾ. ಹುಡುಗರಿಗೆ ಇದೆ. ಏನಾದರೂ ಒಂದು ಕೂದಲು ತಗೋ.”

“ತಗೊಳಲ್ಲ.”

“ಆಟ ಶುರು ಆಗಲ್ಲ.”

“ಆಗದಿದ್ರೆ ಬಿಡ್ಲಿ.”

ಸಾಲು ಉದ್ದವಾಗುತ್ತಿತ್ತು. ಅತ್ತೆ ಕ್ಯಾಪನ್ನು ಮತ್ತೆ ಅವಳ ತಲೆಗೆ ಹಾಕಲು ಬಂದಳು. ಶರಣ್ಯ ಅದನ್ನು ಕಿತ್ತು ಅತ್ತೆಯ ಕೈಚೀಲಕ್ಕೆ ತುರುಕಿದಳು.

ಅಷ್ಟು ಹೊತ್ತು ಹಿಂದೆ ಒಂದು ಸ್ಟೂಲಿನ ಮೇಲೆ ಕೂತಿದ್ದ ಅಜ್ಜಿ ಎದ್ದು ಬಂದಳು. ಟೀಮಿಗೆ ನಾಲ್ಕು ಜನ ಬೇಕೇ ಬೇಕು ಎಂದು ಅವಳಿಗೂ ಪಾರ್ಕಿನವರು ಸಾಕ್ಸ್ ತೊಡಿಸಿದ್ದರು. ಕಾಲುಂಗುರದ ಮೇಲೆ ಸಾಕ್ಸ್ ಉಬ್ಬಿತ್ತು.

“ಏನ್ಲಾ ಅದು ಗಲಾಟೆ?” ಎಂದು ಅಶ್ವತ್ಥನನ್ನು ಕೇಳಿದಳು. ಅವನು ವಿಷಯ ಹೇಳಿದ.

ಅಜ್ಜಿಗೆ ತಮಿಳು ನೀರು ಕುಡಿದಷ್ಟು ಸುಲಭ. ಸಂತೆಯಲ್ಲಿ ಚೌಕಾಸಿ ಮಾಡುವುದೆಲ್ಲ ತಮಿಳಿನಲ್ಲೇ. ಮನೆಯಲ್ಲಿ ಕನ್ನಡ; ಹೊರಗೆ ಕನ್ನಡ ಬರುವುದು ಸಿಟ್ಟು ಬಂದಾಗ ಮಾತ್ರ. ಈಗ ಅವಳು ಕೌಂಟರಿನ ಮುಂದೆ ನಿಂತು ಕನ್ನಡದಲ್ಲೇ ಶುರು ಮಾಡಿದಳು.

“ಏನಪ್ಪಾ, ನಿಮ್ ಪೆಟ್ಟಿಗೇಲಿ ಕೂದ್ಲು ಅಂಟ್ಸೋದು ಐತೆ, ಬ್ಯಾಡ ಅಂದ್ರೆ ಬಿಡೋದು ಇಲ್ವಾ? ಆ ಮಗೂನ ಕೇಳ್ದೆ ಅದ್ರ ತಲೆ ಬೋಳಿಸ್ದೋಳು ನಾನು. ಅದು ಉಳೀತಲ್ಲ, ಆ ಖುಷೀಲಿ ನಂಗೆ ಬೇರೇನೂ ಕಾಣ್ಲಿಲ್ಲ. ತಪ್ಪು ನಂದು, ಅನುಭವಿಸ್ತಾ ಇವ್ನಿ. ಒಂದ್ ಮಾತು ಆಡ್ದೆ ಕೊಲ್ತಾ ಅವ್ಳೆ. ನೀನೂ ಕೇಳ್ದೆ ಏನೂ ಮಾಡ್ಬ್ಯಾಡ ಕಣಪ್ಪಾ.”

ಸೆಂದಿಲ್‌ಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಶರಣ್ಯಳಿಗೆ ಪೂರ್ತಿ ತಿಳಿಯಿತು. ಅವಳು ನೆಲ ನೋಡಿದಳು.

ಅಷ್ಟರಲ್ಲಿ ಕ್ಯಾಮೆರಾ ಅಜ್ಜಿಯನ್ನೂ ಹಿಡಿದಿತ್ತು. ಸ್ಕ್ರೀನಿನ ಮೇಲೆ ಕಪ್ಪು ಕೂದಲು ಹಾರಾಡಿಸುತ್ತಾ ಒಬ್ಬಳು ತರುಣಿ ಬಂದು ಕೈಬೀಸಿದಳು.

“ಇವ್ಳ್ಯಾರು?” ಎಂದಳು ಅಜ್ಜಿ, ಈ ಸಲ ತಮಿಳಿನಲ್ಲೇ.

“ನೀನೇ ಅಜ್ಜಿ,” ಎಂದ ಅಶ್ವತ್ಥ.

“ಥೂ, ನಾನೆಲ್ಲಿ! ನನ್ ಕೂದ್ಲು ಬೆಳ್ಳಗೈತೆ. ಇವ್ಳನ್ನ ಕಳ್ಸು ಆಚೆ!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಈ ಸಲ ಶರಣ್ಯಳಿಗೂ ನಗು ಬಂತು. ಅವಳು ಕಷ್ಟಪಟ್ಟು ತುಟಿ ಬಿಗಿಹಿಡಿದಳು.

ಸೆಂದಿಲ್ ಹಣೆ ಒರೆಸಿಕೊಂಡು ಕೊನೆಯ ದಾರಿ ಹೇಳಿದ. ಗೆಸ್ಟ್ ಆಗಿ ಆಡಬಹುದು. ಗೆಸ್ಟ್ ಗೊಂಬೆ ಬರೀ ಬೂದು ಬಣ್ಣ. ಕಣ್ಣಿಲ್ಲ, ಮೂಗಿಲ್ಲ, ಕೂದಲೂ ಇಲ್ಲ. ಆದರೆ ಗೆಸ್ಟ್ ಗಳಿಸಿದ ಪಾಯಿಂಟು ಟೀಮಿಗೆ ಸೇರುವುದಿಲ್ಲ.

“ಅಯ್ಯಯ್ಯೋ, ಬೇಡ!” ಅಶ್ವತ್ಥ ಕೂಗಿದ. “ನಿನ್ ಪಾಯಿಂಟು ಸೇರ್ದಿದ್ರೆ ನಾವು ಫಸ್ಟ್ ಬರೋದು ಎಂಗೆ? ಇವತ್ತು ನನ್ ಬರ್ತ್‌ಡೇ ಕಣೇ!”

ಶರಣ್ಯಳಿಗೆ ಅವನನ್ನು ನೋಡಿ ಪಾಪ ಅನ್ನಿಸಿತು. ಆದರೂ ಹೇಳಿದಳು, “ಗೆಸ್ಟೇ ಇರ್ಲಿ.”

“ನಂಗೂ ಅದೇ ಕೊಡಪ್ಪಾ,” ಎಂದಳು ಅಜ್ಜಿ.

ಒಳಗೆ ಕತ್ತಲು ಕೋಣೆ. ನೆಲದ ತುಂಬ ಚೌಕಗಳು. ಹಸಿರು ಚೌಕ ತುಳಿದರೆ ಪಾಯಿಂಟು, ಕೆಂಪು ತುಳಿದರೆ ಹೋಯಿತು. ಅಲ್ಲಲ್ಲಿ ಎರಡು ಹಳದಿ ಚೌಕ ಹೊತ್ತಿಕೊಳ್ಳುತ್ತವೆ. ಎರಡನ್ನೂ ಇಬ್ಬರು ಒಟ್ಟಿಗೇ ತುಳಿದರೆ ಪಾಯಿಂಟಿನ ಸುರಿಮಳೆ.

ಟಿಣ್ ಎಂದಿತು. ಆಟ ಶುರು.

ಅಶ್ವತ್ಥ ಜಿಂಕೆ ಓಡಿದಂತೆ ಓಡಿದ. ಅತ್ತೆ ಒಂದು ಕೈಯಲ್ಲಿ ಕೈಚೀಲ, ಒಂದು ಕೈಯಲ್ಲಿ ಚೂಡಿದಾರದ ಶಾಲು ಹಿಡಿದುಕೊಂಡು ಕುಪ್ಪಳಿಸಿದಳು. ಶರಣ್ಯ ಹಸಿರಿನಿಂದ ಹಸಿರಿಗೆ ಹಾರಿದಳು. ತಣ್ಣನೆಯ ಗಾಳಿ ಬರಿತಲೆಗೆ ತಗುಲಿ ಹಾಯೆನಿಸಿತು. ಕ್ಯಾಪಿನ ಒಳಗೆ ಎಷ್ಟು ಸೆಕೆಯಾಗುತ್ತಿತ್ತೆಂದು ಈಗ ಅವಳಿಗೆ ಗೊತ್ತಾಯಿತು.

ಅಜ್ಜಿ ಮಾತ್ರ ನಡುವೆ ನಿಂತು ಸುತ್ತಲೂ ನೋಡುತ್ತಿದ್ದಳು. ಎಲ್ಲಿ ಕಾಲಿಡಬೇಕೋ ತಿಳಿಯದು. ಬಾಗಿಲ ಕಡೆಯಿಂದ ಕೆಂಪು ಚೌಕಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಾ ಅವಳ ಕಡೆಗೇ ಬಂದವು.

“ಅಜ್ಜೀ! ಕೆಂಪು! ಎಗರು!”

ಅಜ್ಜಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಎಗರಿಯೇಬಿಟ್ಟಳು.

“ಆ ಕಡೆ! ಅಳ್ದಿ ಮೇಲೆ ನಿಲ್ಲು! ನಾನು ಈ ಕಡೇದು ತುಳೀತೀನಿ. ಒನ್, ಟೂ, ಈಗ!”

ಧಡ್ ಎಂದು ಇಬ್ಬರೂ ತುಳಿದರು. ಇಡೀ ಕೋಣೆ ಬಂಗಾರದ ಬಣ್ಣವಾಯಿತು. ಸ್ಕ್ರೀನಿನ ಮೇಲೆ ಎರಡು ಬೂದು ಗೊಂಬೆಗಳು ಬೋಳು ತಲೆ ಅಲ್ಲಾಡಿಸುತ್ತಾ ಕುಣಿದವು.

“ಇನ್ನೊಂದು ಅಲ್ಲೈತೆ ಅಜ್ಜಿ! ಬೇಗ ಬಾ!”

ಆಮೇಲೆ ಏನೇನು ಕೂಗಿದಳೋ ಅವಳಿಗೇ ಲೆಕ್ಕವಿಲ್ಲ. ಎಡಕ್ಕೆ, ಬಲಕ್ಕೆ, ನಿಲ್ಲು, ಓಡು, ಭಲೇ ಅಜ್ಜಿ. ದೀಪ ಹತ್ತಿ ಆಟ ಮುಗಿದಾಗಲೇ ತಾನು ಮಾತಾಡಿಬಿಟ್ಟೆ ಎಂದು ಅವಳಿಗೆ ಹೊಳೆದದ್ದು. ಅಜ್ಜಿಗೂ ಗೊತ್ತಾಗಿತ್ತು. ಆದರೆ ಅವಳು ಆ ಸುದ್ದಿ ಎತ್ತಲಿಲ್ಲ. ಏದುಸಿರು ಬಿಡುತ್ತಾ ನಕ್ಕಳು, ಅಷ್ಟೇ.

ಅವರ ಟೀಮಿಗೆ ನಾಲ್ಕನೆಯ ಜಾಗ. ಅಶ್ವತ್ಥ ನೇರವಾಗಿ ಸೆಂದಿಲ್ ಹತ್ತಿರ ಹೋಗಿ ಜಗಳ ತೆಗೆದ. “ಅಣ್ಣಾ, ಅವ್ರು ಗೆಸ್ಟ್ ಅಲ್ಲ, ನಮ್ಮನೇವ್ರು! ಆ ಬೋಳು ತಲೆ ನಮ್ಮ ಶರಣ್ಯ. ಅವಳ ಪಾಯಿಂಟು ಸೇರ್ಸು!” ಸಿಸ್ಟಂ ಸೇರಿಸಲಿಲ್ಲ. ಅಶ್ವತ್ಥ ಸಿಸ್ಟಂಗೆ ಬೈದ. ಅವನನ್ನು ಎಳೆದು ತರುವಷ್ಟರಲ್ಲಿ ಅತ್ತೆಗೆ ಸಾಕುಸಾಕಾಯಿತು.

ಶರಣ್ಯ ಮತ್ತು ಅಜ್ಜಿ ಹೊರಗಿನ ಬೆಂಚಿನ ಮೇಲೆ ಕೂತು ಸಾಕ್ಸ್ ಬಿಚ್ಚುತ್ತಿದ್ದರು. ಅಜ್ಜಿಯ ಸಾಕ್ಸ್ ಕಾಲುಂಗುರಕ್ಕೆ ಸಿಕ್ಕಿಕೊಂಡಿತ್ತು. ಶರಣ್ಯ ಬಗ್ಗಿ ಬಿಡಿಸಿದಳು.

“ಶರಣ್ಯಾ,” ಎಂದಳು ಅಜ್ಜಿ. “ಇನ್ನೊಂದು ಮುಡಿ ಬಾಕಿ ಐತೆ.”

ಶರಣ್ಯಳ ಕೈ ನಿಂತಿತು.

“ಅರಕೆ ಒತ್ತಿದ್ದು ನಾನು. ತಲೆ ನಿಂದು. ನೀನು ಕೊಡ್ತೀನಿ ಅಂದ್ರೆ ಕೊಡು. ಬ್ಯಾಡ ಅಂದ್ರೆ ನನ್ ತಲೆ ಕೊಡ್ತೀನಿ, ಮಾದಪ್ಪಂಗೆ ನಾನು ಏಳ್ಕಂತೀನಿ. ಏನ್ ಮಾಡಾನ? ನೀನೇಳು.”

ಶರಣ್ಯ ಬಾಯಿ ತೆರೆದಳು. ‘ಕೊಡಲ್ಲ’ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ದಿನಾ ಅಭ್ಯಾಸ ಮಾಡಿದ ಮಾತು. ಆದರೆ ಅದು ಹೊರಗೆ ಬರಲೇ ಇಲ್ಲ. ಯಾರೂ ಕೇಳದೆ ಇದ್ದಾಗ ಅವಳ ಹತ್ತಿರ ಒಂದೇ ಉತ್ತರವಿತ್ತು. ಕೇಳಿದ ಮೇಲೆ ನೋಡಿದರೆ ಎರಡು ಇದ್ದವು. ಯಾವುದು ತನ್ನದು ಎಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಸಿಟ್ಟು ಇನ್ನೂ ಒಂಚೂರು ಇತ್ತು. ಅದನ್ನು ಅವಳು ಹಾಗೇ ಇರಲಿ ಎಂದು ಬಿಟ್ಟಳು.

“ಈಗ್ಲೇ ಏನೂ ಏಳಲ್ಲ,” ಎಂದಳು. “ಯೋಚ್ನೆ ಮಾಡಿ ಏಳ್ತೀನಿ.”

“ಮಾಡು.”

“ತುಂಬಾ ದಿನ ಆಗ್ಬೋದು.”

“ಆಗ್ಲಿ ಬಿಡು. ಕಾಯ್ತೀನಿ,” ಎಂದಳು ಅಜ್ಜಿ. ಇನ್ನೊಂದು ಕಾಲನ್ನೂ ಶರಣ್ಯಳ ಕಡೆಗೆ ಚಾಚಿದಳು.